ಬಾಗದ ತಂತಿ, ಬಾಗುವ ದಾರಿ

ವಡಾಳಾ ರೋಡ್ ನಿಲ್ದಾಣ ದಾಟಿದ ಮೇಲೆ ಮುಂಬೈಯ ಹಾರ್ಬರ್ ಲೈನು ಎರಡಾಗಿ ಒಡೆಯುತ್ತದೆ. ಒಂದು ಕವಲು ಗುರು ತೇಗ್ ಬಹಾದೂರ್ ನಗರ, ಚುನಾಭಟ್ಟಿ, ಕುರ್ಲಾ ಎಂದು ಉತ್ತರಕ್ಕೆ ಹೋಗುತ್ತದೆ. ಇನ್ನೊಂದು ಪಶ್ಚಿಮಕ್ಕೆ ಹೊರಳಿ, ಕಿಂಗ್ಸ್ ಸರ್ಕಲ್ ಹಾದು, ಸೆಂಟ್ರಲ್ ರೈಲ್ವೆಯ ಮುಖ್ಯ ಮಾರ್ಗವನ್ನು ದಾಟಿ ಮಾಹಿಮ್ ಸೇರುತ್ತದೆ. ಇಂಥ ತಿರುವಿನಲ್ಲಿ ಬಾಗಿಲ ಬಳಿ ಜಾಗ ಸಿಕ್ಕಿದ್ದರೆ (ಸಿಗುವುದು ಮಧ್ಯಾಹ್ನದ ಗಾಡಿಯಲ್ಲಿ ಮಾತ್ರ) ಪಕ್ಕದ ಹಳಿಯನ್ನೊಮ್ಮೆ, ಅದರ ಮೇಲಿನ ತಂತಿಯನ್ನೊಮ್ಮೆ ನೋಡಬೇಕು. ಹಳಿ ಎಲ್ಲೂ ಮುರಿಯದೆ ನುಣ್ಣಗೆ ಬಾಗಿಕೊಂಡು ಹೋಗಿರುತ್ತದೆ. ತಂತಿ ಮಾತ್ರ ಎಲ್ಲೂ ಬಾಗಿರುವುದಿಲ್ಲ. ಒಂದು ಕಂಬದಿಂದ ಮುಂದಿನ ಕಂಬದವರೆಗೆ ಗೆರೆ ಎಳೆದಷ್ಟು ನೇರ. ಕಂಬದ ಬಳಿ ಚೂರೇ ಚೂರು ದಿಕ್ಕು ಬದಲಿಸಿ, ಮತ್ತೆ ನೇರ. ಕೆಳಗೆ ವೃತ್ತದ ತುಂಡು, ಮೇಲೆ ಬಹುಭುಜದ ತುಂಡು. ಎರಡರ ನಡುವೆ ನಾವು.

ಬಿಗಿಯಾಗಿ ಎಳೆದ ತಂತಿಯನ್ನೋ ಹಗ್ಗವನ್ನೋ ಮೂಲೆ ತಿರುಗಿಸುವುದು ಎಂಥ ಪೀಕಲಾಟವೆಂದು ಗಿರಗಾಂವಿನ ಹಳೆಯ ಚಾಳುಗಳಲ್ಲಿ ಬದುಕಿದವರಿಗೆ ಗೊತ್ತು. ಗ್ಯಾಲರಿ ಮೂಲೆಯಲ್ಲಿ ತಿರುಗುವ ಕಡೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದರೆ ಅದು ಗ್ಯಾಲರಿಯ ಜೊತೆ ತಿರುಗುವುದಿಲ್ಲ. ಎರಡು ಮೊಳೆಗಳ ನಡುವಿನ ಅತಿ ಹತ್ತಿರದ ದಾರಿ ಹಿಡಿದು ಅಂಗಳದ ಮೇಲೆ ಅಡ್ಡ ಹಾಯುತ್ತದೆ. ತಿರುಗಿಸಲೇಬೇಕೆಂದರೆ ಮೂಲೆಯ ಕಂಬಕ್ಕೊಂದು ಸುತ್ತು ಹಾಕಬೇಕು. ಆಗ ಆ ಕಂಬವನ್ನು ಹಗ್ಗ ಹಗಲೂ ರಾತ್ರಿ ತಿರುವಿನ ಒಳಗಡೆಗೆ ಎಳೆಯುತ್ತಲೇ ಇರುತ್ತದೆ. ಹಗ್ಗ ಬಿಗಿಯಾದಷ್ಟೂ, ಮೂಲೆ ಚೂಪಾದಷ್ಟೂ ಆ ಎಳೆತ ಹೆಚ್ಚು. ಜಗತ್ತಿನಲ್ಲಿ ಹಗ್ಗ, ತಂತಿ, ಕೇಬಲ್ ನಂಬಿ ನಡೆಯುವ ಯಾವ ಸಾರಿಗೆಯೂ ಈ ಕಟ್ಟಳೆಯಿಂದ ತಪ್ಪಿಸಿಕೊಂಡಿಲ್ಲ.

ಹಿಮದ ಬೆಟ್ಟಗಳಲ್ಲಿ ಸ್ಕೀ ಆಡುವವರನ್ನು ಮೇಲಕ್ಕೊಯ್ಯುವ ಲಿಫ್ಟುಗಳನ್ನು ತೆಗೆದುಕೊಳ್ಳಿ. ಅಲ್ಲಿ ಉಕ್ಕಿನ ಹಗ್ಗವೊಂದು ಬುಡದ ಮತ್ತು ನೆತ್ತಿಯ ನಿಲ್ದಾಣಗಳಲ್ಲಿರುವ ದೊಡ್ಡ ಗಾಲಿಗಳನ್ನು ಬಳಸಿ ಕೊನೆಮೊದಲಿಲ್ಲದೆ ಸುತ್ತುತ್ತಿರುತ್ತದೆ. ನಡುವಿನ ಕಂಬಗಳ ಮೇಲೆ ಸಾಲಾಗಿ ರಾಟೆಗಳು. ಹಗ್ಗ ಅವುಗಳ ಮೇಲೆ ಉರುಳುತ್ತದೆ, ಕುರ್ಚಿಗಳು ಹಗ್ಗವನ್ನು ಕಚ್ಚಿ ಹಿಡಿದು ನೇತಾಡುತ್ತವೆ. ಬೆಟ್ಟದ ಏರಿಳಿತ ಇಂಥ ಹಗ್ಗಕ್ಕೆ ದೊಡ್ಡ ತೊಂದರೆಯಲ್ಲ, ಹೆಚ್ಚಿನ ಕಡೆ ತನ್ನ ಭಾರದಿಂದಲೇ ಅದು ರಾಟೆಯ ಮೇಲೆ ಕೂರುತ್ತದೆ. ಎಡಕ್ಕೋ ಬಲಕ್ಕೋ ತಿರುಗಬೇಕಾದಾಗ ಪೇಚು ಶುರು. ತಿರುವಿನ ಒಳಬದಿಯಲ್ಲಿ ರಾಟೆಗಳನ್ನು ಅಡ್ಡ ಮಲಗಿಸಿ ಹಗ್ಗವನ್ನು ಅವಕ್ಕೆ ಒರಗಿಸಿ ಓಡಿಸಬಹುದು, ನಿಜ. ಆದರೆ ಕುರ್ಚಿಯ ಹಿಡಿ ಹಗ್ಗದ ಹೊರಬದಿಗೆ ಚಾಚಿದ್ದರೆ ಮಾತ್ರ ಅದು ರಾಟೆಗೆ ತಾಗದೆ ದಾಟೀತು. ಲಿಫ್ಟಿನ ಕುರ್ಚಿಗಳು ಸಾಮಾನ್ಯವಾಗಿ ಕಂಬದಿಂದ ಆಚೆಗೆ ಚಾಚಿಕೊಂಡಿರುತ್ತವೆ. ಹಾಗಾಗಿ ದಾರಿ ಎಡಕ್ಕೆ ತಿರುಗುವಲ್ಲಿ ಬಲಗಡೆಯ ಹಗ್ಗಕ್ಕೆ ಈ ಉಪಾಯ ಒಗ್ಗುತ್ತದೆ. ಎಡಗಡೆಯ ಹಗ್ಗದಲ್ಲಿ ರಾಟೆಯೂ ಕುರ್ಚಿಯ ಹಿಡಿಯೂ ಒಂದೇ ಮಗ್ಗುಲಿಗೆ ಬಂದು ಢಿಕ್ಕಿ ಹೊಡೆಯುತ್ತವೆ. ಬಲಗಡೆಯದು ಏರುವ ಹಗ್ಗವಾದರೆ, ಏರುವ ಹಗ್ಗ ತಿರುಗಿತು, ಇಳಿಯುವ ಹಗ್ಗ ತಿರುಗಲೊಲ್ಲದು.

ಈ ಬಿಕ್ಕಟ್ಟಿಗೆ ಎಂಜಿನಿಯರುಗಳು ಕಂಡುಕೊಂಡ ದೊಡ್ಡ ಉತ್ತರ ನಡುನಿಲ್ದಾಣ. ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಬರುವ ಕ್ಯಾಬಿನ್ನು ಅಲ್ಲಿ ಹಗ್ಗದ ಹಿಡಿತ ಸಡಿಲಿಸಿ ಒಂದು ಹಳಿಯ ಮೇಲೇರುತ್ತದೆ. ರಬ್ಬರ್ ಟೈರುಗಳ ಸಾಲು ಅದರ ವೇಗ ಇಳಿಸಿ ಮೆಲ್ಲಗೆ ಮುಂದಕ್ಕೆ ತಳ್ಳುತ್ತದೆ. ಹಳಿ ಬೇಕಾದ ಕಡೆಗೆ ಬಾಗುತ್ತದೆ, ಕ್ಯಾಬಿನ್ನೂ ಬಾಗುತ್ತದೆ. ಅಷ್ಟರಲ್ಲಿ ಅದೇ ಹಗ್ಗ ದೊಡ್ಡ ಗಾಲಿಗಳನ್ನು ಬಳಸಿ ಹೊಸ ದಿಕ್ಕಿಗೆ ಹೊರಳಿರುತ್ತದೆ. ಇಲ್ಲವೇ ಅಲ್ಲಿಂದ ಮುಂದಕ್ಕೆ ಬೇರೆಯೇ ಹಗ್ಗ ಶುರುವಾಗಿರುತ್ತದೆ. ಕ್ಯಾಬಿನ್ನು ವೇಗ ಹೆಚ್ಚಿಸಿಕೊಂಡು ಮತ್ತೆ ಹಗ್ಗವನ್ನು ಕಚ್ಚುತ್ತದೆ. ಕಾಶ್ಮೀರದ ಗುಲ್ಮಾರ್ಗ್ ಗೊಂಡೋಲಾ ಹಗ್ಗವನ್ನೇ ಎರಡು ಮಾಡಿದ ಬಗೆಯದು: ಗುಲ್ಮಾರ್ಗದಿಂದ ಕೊಂಗ್ಡೂರಿಯವರೆಗೆ 1998ರಲ್ಲಿ ಶುರುವಾದ ಮೊದಲ ಹಂತ, ಅಲ್ಲಿಂದ ಅಫರ್ವತ್ ಬೆಟ್ಟಕ್ಕೆ 2005ರ ಎರಡನೆಯ ಹಂತ. ಮೇಲೆ ಹೋಗುವವರು ಕೊಂಗ್ಡೂರಿಯಲ್ಲಿ ಇಳಿದು ಇನ್ನೊಂದು ಕ್ಯಾಬಿನ್ನು ಹತ್ತಬೇಕು. ನಮ್ಮ ಕೆಮ್ಮಣ್ಣುಗುಂಡಿಯ ಅದಿರು ಒಂದು ಕಾಲದಲ್ಲಿ ತಣಿಗೆಬೈಲಿಗೆ ಇಳಿಯುತ್ತಿದ್ದದ್ದೂ ಹೀಗೆ ಹಗ್ಗದ ದಾರಿಯಲ್ಲೇ.

ಮುಂಬೈಯಲ್ಲಿ ಹಿಮವೂ ಇಲ್ಲ, ಸ್ಕೀ ಲಿಫ್ಟೂ ಇಲ್ಲ. ಶಿವಡಿಯಿಂದ ಸಮುದ್ರದ ಮೇಲೆ ಎಲಿಫೆಂಟಾ ದ್ವೀಪಕ್ಕೆ ಸುಮಾರು 8 ಕಿ.ಮೀ. ಉದ್ದದ ರೋಪ್‌ವೇ ಎಂಬ ಯೋಜನೆಯ ಮಾತು ಆಗಾಗ ಕೇಳಿಬಂದು ತಣ್ಣಗಾಗಿದೆ. ಆದರೆ ಬಿಗಿದ ಲೋಹದ ಎಳೆಯನ್ನು ದಾರಿಯ ನಡುವೆ ತಿರುಗಿಸುವ ಕಸುಬು ನೋಡಬೇಕೆಂದರೆ ಈ ಊರಿಗಿಂತ ಒಳ್ಳೆಯ ಶಾಲೆ ದೇಶದಲ್ಲಿಲ್ಲ ಎಂದು ನನ್ನ ಅಂದಾಜು. ಚರ್ಚ್‌ಗೇಟಿನಿಂದ, ಸಿಎಸ್‌ಎಂಟಿಯಿಂದ ಹೊರಟು ಉಪನಗರಗಳ ಮೇಲೆ ಹಾಯ್ದಿರುವ ಆ ತಂತಿಜಾಲದ ಕೆಳಗೆ ದಿನಕ್ಕೆ ಲಕ್ಷಾಂತರ ಜನ ಓಡಾಡುತ್ತಾರೆ. ತಂತಿ ಕಡಿದು ಗಾಡಿ ನಿಂತ ದಿನ ಬಿಟ್ಟರೆ ಉಳಿದ ದಿನ ಯಾರೂ ಅದನ್ನು ತಲೆಯೆತ್ತಿ ನೋಡುವುದಿಲ್ಲ. ರೈಲ್ವೆಯವರು ‘ಓವರ್‌ಹೆಡ್ ಇಕ್ವಿಪ್‌ಮೆಂಟ್’ ಎಂಬುದನ್ನು ಮೊಟಕಿಸಿ ಅದನ್ನು ಕರೆಯುವುದು ‘ಓಎಚ್‌ಇ’ ಎಂದು.

ಒಂದು ಹಳಿಯ ಮೇಲೆ ಒಂದು ತಂತಿಯಲ್ಲ, ಎರಡು. ಮೇಲಿನದು ಕ್ಯಾಟನರಿ: ಹಲವು ಎಳೆ ಹೊಸೆದದ್ದು, ಕಂಬದಿಂದ ಕಂಬಕ್ಕೆ ಸ್ವಲ್ಪ ಜೋತಾಡುವಂಥದು. ಕೆಳಗಿನದು ಕಾಂಟ್ಯಾಕ್ಟ್ ತಂತಿ: ಸುಮಾರು 12 ಮಿ.ಮೀ. ದಪ್ಪದ ಗಟ್ಟಿ ತಾಮ್ರ, ಮೀಟರಿಗೆ ಹೆಚ್ಚುಕಡಿಮೆ ಒಂದು ಕಿಲೊ ತೂಕ. ಇದರ ಮೇಲರ್ಧದ ಎರಡೂ ಮಗ್ಗುಲಲ್ಲಿ ಉದ್ದಕ್ಕೂ ತೋಡು ಕೊರೆದಿರುತ್ತದೆ. ಹಿಡಿಯುವ ಕ್ಲಿಪ್ಪುಗಳೆಲ್ಲ ಆ ತೋಡಿನಲ್ಲಿ ಕಚ್ಚಿಕೊಳ್ಳುವುದರಿಂದ ಕೆಳಮೈ ನುಣುಪಾಗಿಯೇ ಉಳಿಯುತ್ತದೆ. ಕ್ಯಾಟನರಿಯಿಂದ ಇಳಿಬಿಟ್ಟ ಸಣ್ಣ ತಂತಿಗಳಿಗೆ ಡ್ರಾಪರ್ ಎಂದು ಹೆಸರು. ಒಂದೊಂದರ ಉದ್ದವನ್ನೂ ಲೆಕ್ಕ ಹಾಕಿ ಕತ್ತರಿಸುತ್ತಾರೆ, ಕಂಬದ ಹತ್ತಿರ ಉದ್ದ, ನಡುವೆ ಗಿಡ್ಡ. ಮೇಲಿನ ಎಳೆಯ ಜೋತನ್ನೆಲ್ಲ ಡ್ರಾಪರುಗಳು ನುಂಗಿಕೊಂಡು ಕೆಳಗಿನ ತಂತಿಯನ್ನು ಹಳಿಗೆ ಸಮವಾಗಿ, ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ ಹಿಡಿದಿಡುತ್ತವೆ. ಅದನ್ನೂ ಪೂರ್ತಿ ಸಮ ಇಡುವುದಿಲ್ಲ. ಎರಡು ಕಂಬಗಳ ನಟ್ಟನಡುವೆ ತಂತಿ ಮೆತ್ತಗೆ, ಕಂಬದ ಬಳಿ ಬಿರುಸು; ನಡುವೆ ಪ್ಯಾಂಟೊಗ್ರಾಫು (ಗಾಡಿಯ ನೆತ್ತಿಯಿಂದ ತಂತಿಗೆ ಒತ್ತಿಕೊಂಡು ವಿದ್ಯುತ್ತು ಪಡೆಯುವ ಚೌಕಟ್ಟು) ಅದನ್ನು ಹೆಚ್ಚು ಮೇಲಕ್ಕೆತ್ತುತ್ತದೆ. ಆದ್ದರಿಂದ ಮೊದಲೇ ನಡುವನ್ನು ಕೊಂಚ ತಗ್ಗಿಸಿಟ್ಟಿರುತ್ತಾರೆ, 72 ಮೀಟರ್ ಅಂತರಕ್ಕೆ 10 ಸೆಂ.ಮೀ.ನಷ್ಟು. ಗಾಡಿ ಓಡುವಾಗ ಎತ್ತಿ ತಗ್ಗಿಸಿ ಎಲ್ಲ ಸರಿದೂಗಲಿ ಎಂಬ ಲೆಕ್ಕ.

ಎರಡೂ ತಂತಿಗಳನ್ನು ಒಂದೊಂದು ಸಾವಿರ ಕಿಲೊ ಭಾರದ ಎಳೆತದಲ್ಲಿ ಬಿಗಿದಿರುತ್ತಾರೆ. ಇಷ್ಟು ಬಿಗಿದ ಎಳೆಗೆ ನೇರ ಹೋಗುವುದು ಬಿಟ್ಟರೆ ಬೇರೇನೂ ತಿಳಿಯದು. ತಮಾಷೆಯೆಂದರೆ, ದಾರಿ ನೇರವಿರುವಲ್ಲಿ ಅದನ್ನು ಬೇಕೆಂದೇ ಅಂಕುಡೊಂಕು ಮಾಡುತ್ತಾರೆ. ಒಂದು ಕಂಬದಲ್ಲಿ ಹಳಿಯ ನಡುಗೆರೆಯಿಂದ 20 ಸೆಂ.ಮೀ. ಎಡಕ್ಕೆ, ಮುಂದಿನ ಕಂಬದಲ್ಲಿ 20 ಸೆಂ.ಮೀ. ಬಲಕ್ಕೆ. ಸ್ಟ್ಯಾಗರ್ ಎನ್ನುತ್ತಾರೆ ಇದನ್ನು. ಗಾಡಿಯ ನೆತ್ತಿಯ ಪ್ಯಾಂಟೊಗ್ರಾಫಿನಲ್ಲಿ ತಂತಿಯನ್ನು ಉಜ್ಜುವ ಪಟ್ಟಿ ಇಂಗಾಲದ್ದು, ತಾಮ್ರಕ್ಕಿಂತ ಮೆತ್ತನೆಯದು. ತಂತಿ ಸದಾ ಒಂದೇ ಜಾಗದಲ್ಲಿ ಉಜ್ಜಿದರೆ ಪಟ್ಟಿಯಲ್ಲಿ ತೋಡು ಬಿದ್ದು, ತಂತಿ ಆ ತೋಡಿನಲ್ಲಿ ಸಿಕ್ಕಿ ಎರಡೂ ಹರಿದಾವು. ತಂತಿ ಅತ್ತಿತ್ತ ಸರಿದಾಡಿದರೆ ಪಟ್ಟಿ ಉದ್ದಕ್ಕೂ ಸಮನಾಗಿ ಸವೆಯುತ್ತದೆ. ದಾದರಿನ ಪಾದಚಾರಿ ಸೇತುವೆಯ ಮೇಲೆ ನಿಂತು ಬರುವ ಲೋಕಲನ್ನು ಎದುರಿನಿಂದ ನೋಡಿದರೆ ಅದರ ತಲೆಯ ಮೇಲೆ ತಂತಿ ನಿಧಾನಕ್ಕೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಜಾರುವುದು ಕಾಣುತ್ತದೆ.

ಈಗ ತಿರುವು. ಇಲ್ಲಿ ಲೆಕ್ಕ ಮಾಡದೆ ವಿಧಿಯಿಲ್ಲ, ಆದರೆ ಲೆಕ್ಕ ಸುಲಭದ್ದೇ. 500 ಮೀಟರ್ ತ್ರಿಜ್ಯದ ಒಂದು ತಿರುವು ಎಂದುಕೊಳ್ಳಿ. ಅಲ್ಲಿ ಕಂಬಗಳನ್ನು ನೇರ ದಾರಿಯಲ್ಲಿಡುವಂತೆ 72 ಮೀಟರಿಗೊಂದರಂತೆ ನೆಟ್ಟರೆ, ಎರಡು ಕಂಬಗಳ ನಡುವೆ ನೇರ ಹೋಗುವ ತಂತಿಗೂ ಬಾಗಿ ಹೋಗುವ ಹಳಿಗೂ ನಡುವಣ ಅಂತರ ಸುಮಾರು 1.3 ಮೀಟರ್ ಆಗುತ್ತದೆ. ಅಂದರೆ ತಂತಿ ಪ್ಯಾಂಟೊಗ್ರಾಫಿನ ಅಂಚು ದಾಟಿ ಆಚೆ ಬಿದ್ದಿರುತ್ತದೆ. ಅಂಚಿನಿಂದ ಜಾರಿದ ತಂತಿಗಿಂತ ಮೇಲಕ್ಕೆ ಪುಟಿದ ಪ್ಯಾಂಟೊಗ್ರಾಫು ಮುಂದಿನದನ್ನೆಲ್ಲ ಕಿತ್ತುಕೊಂಡು ಹೋಗುತ್ತದೆ. ಹೀಗಾಗಿ ಕಂಬಗಳನ್ನು ಹತ್ತಿರ ತರಬೇಕು. 45 ಮೀಟರಿಗೆ ತಂದರೆ ಅಂತರ ಅರ್ಧ ಮೀಟರಿಗೆ ಇಳಿಯುತ್ತದೆ. ಅದೂ ಹೆಚ್ಚೇ. ಆಗ ಸ್ಟ್ಯಾಗರಿನ ಸಹಾಯ ಪಡೆಯುತ್ತಾರೆ: ಕಂಬದ ಬಳಿ ತಂತಿಯನ್ನು 30 ಸೆಂ.ಮೀ. ತಿರುವಿನ ಹೊರಗಡೆಗೆ ಎಳೆದು ಕಟ್ಟಿದರೆ, ನಡುವೆ ಅದು ಒಳಗಡೆಗೆ ಸರಿಯುವುದು 20 ಸೆಂ.ಮೀ. ಮಾತ್ರ. ಕಂಬದಲ್ಲಿ ಆಚೆಗೆ ಮೂವತ್ತು, ನಡುವೆ ಈಚೆಗೆ ಇಪ್ಪತ್ತು, ತಂತಿ ಇಡೀ ತಿರುವಿನಲ್ಲಿ ಪ್ಯಾಂಟೊಗ್ರಾಫಿನ ಮೇಲೆಯೇ ಇರುತ್ತದೆ. ಭಾರತೀಯ ರೈಲ್ವೆಯಲ್ಲಿ ಕಂಬಗಳ ಅಂತರವನ್ನು 72 ಮೀಟರಿನಿಂದ 27 ಮೀಟರಿನವರೆಗೆ ನಾಲ್ಕೂವರೆ ಮೀಟರಿನ ಮೆಟ್ಟಿಲುಗಳಲ್ಲಿ ಇಳಿಸುವ ಪದ್ಧತಿ. ಎಷ್ಟು ಚೂಪು ತಿರುವೋ ಅಷ್ಟು ಒತ್ತಾಗಿ ಕಂಬ. ಕಣ್ಣು ಮುಚ್ಚಿ ಕಂಬಗಳು ಹಿಂದೆ ಸರಿಯುವ ಸದ್ದಿಗೆ ಕಿವಿಗೊಟ್ಟರೂ ತಿರುವು ಬಂತೆಂದು ತಿಳಿಯಬಹುದು.

ಇಷ್ಟರಿಂದಲೇ ಮುಗಿಯಿತೆಂದುಕೊಳ್ಳುವವರಿಗೆ ಹಳಿ ಇನ್ನೊಂದು ಪೆಟ್ಟು ಕೊಡುತ್ತದೆ. ತಿರುವಿನಲ್ಲಿ ಹೊರಗಿನ ಹಳಿಯನ್ನು ಒಳಗಿನದಕ್ಕಿಂತ ಎತ್ತರ ಮಾಡಿರುತ್ತಾರೆ, ಗಾಡಿ ಒಳಗಡೆಗೆ ವಾಲಲಿ ಎಂದು. ಬುಡದಲ್ಲಿ ಆ ವಾಲು ಅಲ್ಪ. ಐದೂವರೆ ಮೀಟರ್ ಮೇಲೆ ಅಲ್ಪವಲ್ಲ: ಹೊರಹಳಿ 10 ಸೆಂ.ಮೀ. ಎತ್ತರವಿದ್ದರೆ ಪ್ಯಾಂಟೊಗ್ರಾಫಿನ ನಡು 30 ಸೆಂ.ಮೀ.ಗೂ ಹೆಚ್ಚು ಒಳಗೆ ಸರಿದಿರುತ್ತದೆ. ಅಲ್ಲಿಗೆ ತಂತಿಯ ಜಾಗವನ್ನು ನೆಲದ ಮೇಲಿನ ಹಳಿಯ ನಡುವಿನಿಂದ ಅಳೆಯುವಂತಿಲ್ಲ; ವಾಲಿದ ಗಾಡಿಯ ವಾಲಿದ ನಡುಗೆರೆಯಿಂದ ಅಳೆಯಬೇಕು. ಜೊತೆಗೆ ಗಾಳಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಸಮುದ್ರದ ಕಡೆಯಿಂದ ಬೀಸುವ ಗಾಳಿ ತಂತಿಯನ್ನು ಮಗ್ಗುಲಿಗೆ ತಳ್ಳುವುದನ್ನೂ ಲೆಕ್ಕಕ್ಕೆ ಹಿಡಿದಿರಬೇಕು. ಹಳಿ ಜೋಡಿಸುವವರು ಕಲ್ಲು ತುಂಬುವಾಗ ಹೊರಹಳಿಯನ್ನು ಒಂದೆರಡು ಸೆಂಟಿಮೀಟರ್ ಎತ್ತಿಬಿಟ್ಟರೆ ಮೇಲೆ ತಂತಿಯವರ ಲೆಕ್ಕ ಕೆಡುತ್ತದೆ. ಹಳಿಯ ಇಲಾಖೆ ಬೇರೆ, ತಂತಿಯ ಇಲಾಖೆ ಬೇರೆ. ಅವರಿವರ ನಡುವೆ ಇದೊಂದು ಹಳೆಯ ತಕರಾರು.

ಚಾಳಿನ ಮೂಲೆಯ ಕಂಬವನ್ನು ಹಗ್ಗ ಎಳೆದಂತೆ ಇಲ್ಲಿಯೂ ತಂತಿ ಪ್ರತಿ ಕಂಬವನ್ನು ತಿರುವಿನ ಒಳಗೆ ಎಳೆಯುತ್ತದೆ. ಎಷ್ಟು? ತಂತಿಯ ಬಿಗಿತವನ್ನು ಕಂಬಗಳ ಅಂತರದಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿದರೆ ಸಾಕು. ನಮ್ಮ ಉದಾಹರಣೆಯಲ್ಲಿ ತಂತಿಯೊಂದಕ್ಕೆ 90 ಕಿಲೊ, ಎರಡಕ್ಕೆ 180 ಕಿಲೊ. ಇಡೀ ತಿರುವನ್ನು ಒಂದೇ ಕಂಬದಲ್ಲಿ ತಿರುಗಿಸಹೋಗಿದ್ದರೆ ಆ ಕಂಬವನ್ನು ಸಾವಿರಾರು ಕಿಲೊ ಎಳೆಯುತ್ತಿತ್ತು. ಸ್ಕೀ ಲಿಫ್ಟಿನ ನಡುನಿಲ್ದಾಣಕ್ಕೆ ಮಣಗಟ್ಟಲೆ ಕಾಂಕ್ರೀಟು, ಆಳೆತ್ತರದ ಗಾಲಿಗಳು ಬೇಕಾಗುವುದು ಇದೇ ಕಾರಣಕ್ಕೆ: ಅಲ್ಲಿ ಇಡೀ ತಿರುವಿನ ಎಳೆತವನ್ನು ಒಂದೇ ಜಾಗ ಹೊರಬೇಕು. ರೈಲಿನ ತಂತಿಯಲ್ಲಿ ಅದೇ ಎಳೆತ ಹತ್ತಿಪ್ಪತ್ತು ಕಂಬಗಳಿಗೆ ಹಂಚಿಹೋಗಿ, ಒಂದೊಂದರ ಪಾಲಿಗೆ ಮನುಷ್ಯನೊಬ್ಬನ ಭಾರದಷ್ಟೋ ಇಬ್ಬರ ಭಾರದಷ್ಟೋ ಬರುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಮೆಚ್ಚಿಸಿದ್ದು ಒಂದು ಸಣ್ಣ ಕಡ್ಡಿ. ಕಂಬದ ಚಾಚುಗೋಲಿನಿಂದ ಹೊರಟು ಕಾಂಟ್ಯಾಕ್ಟ್ ತಂತಿಯ ತೋಡನ್ನು ಕಚ್ಚಿ ಅದನ್ನು ಬೇಕಾದ ಜಾಗದಲ್ಲಿ ನಿಲ್ಲಿಸುವ ಕಡ್ಡಿ ಅದು, ಸ್ಟೆಡಿ ಆರ್ಮ್ ಎಂದು ಹೆಸರು. ಅದು ಹಗುರವಾಗಿರಬೇಕು. ಭಾರವಾದರೆ ಪ್ಯಾಂಟೊಗ್ರಾಫು ಕೆಳಗಿನಿಂದ ಒತ್ತುತ್ತ ಬಂದಾಗ ತಂತಿ ಅಲ್ಲಿ ಮೇಲೇಳಲು ಒಪ್ಪದೆ ಗಟ್ಟಿ ಗಂಟಿನಂತೆ ನಿಲ್ಲುತ್ತದೆ. ಪ್ಯಾಂಟೊಗ್ರಾಫು ಪುಟಿಯುತ್ತದೆ, ಕಿಡಿ ಹಾರುತ್ತದೆ, ತಾಮ್ರ ಸುಡುತ್ತದೆ. ಹಗುರವಾದ ಕಡ್ಡಿಗೆ ಎಳೆತವನ್ನು ತಡೆಯುವುದು ಸುಲಭ, ಒತ್ತಡವನ್ನು ತಡೆಯುವುದು ಕಷ್ಟ. ಒತ್ತಿದರೆ ಅದು ಮಗುಚಿಕೊಳ್ಳುತ್ತದೆ. ಆದ್ದರಿಂದ ನಿಯಮ ಒಂದೇ: ತಂತಿ ಸ್ಟೆಡಿ ಆರ್ಮನ್ನು ಯಾವಾಗಲೂ ಎಳೆಯುತ್ತಿರಬೇಕು, ಎಂದೂ ಒತ್ತಬಾರದು.

ಕಂಬ ತಿರುವಿನ ಹೊರಗಡೆಗಿದ್ದರೆ ಈ ನಿಯಮ ತಾನಾಗಿ ನಡೆಯುತ್ತದೆ. ತಂತಿ ಒಳಕ್ಕೆ ಎಳೆಯುತ್ತದೆ, ಕಡ್ಡಿ ಹೊರಗಿನಿಂದ ಹಿಡಿದಿರುತ್ತದೆ. ಕಂಬ ಒಳಗಡೆಗೇ ಇರಬೇಕಾಗಿ ಬಂದರೆ? ಮುಂಬೈಯಲ್ಲಿ ಜಾಗ ಇದ್ದ ಕಡೆ ಕಂಬ, ಬೇಕಾದ ಕಡೆ ಅಲ್ಲ. ಹಳಿಯ ಒಂದು ಮಗ್ಗುಲಿಗೆ ಗೋಡೆ, ಆಚೆ ಜೋಪಡಿ. ಇನ್ನೊಂದು ಮಗ್ಗುಲಿಗೆ ಚರಂಡಿ. ಆಗ ಕಂಬದಿಂದ ಒಂದು ದಪ್ಪ ಕೊಳವೆಯನ್ನು ತಂತಿಯ ಮೇಲಿನಿಂದ ದಾಟಿಸಿ ಆಚೆಬದಿಗೆ ಒಯ್ಯುತ್ತಾರೆ. ಸ್ಟೆಡಿ ಆರ್ಮನ್ನು ಅದರ ತುದಿಗೆ ಸಿಕ್ಕಿಸಿ, ಈಚೆಗೆ ಮುಖ ಮಾಡಿಸಿ, ತಂತಿಯನ್ನು ಆಚೆಯಿಂದಲೇ ಹಿಡಿಸುತ್ತಾರೆ. ಒತ್ತಡವನ್ನೆಲ್ಲ ದಪ್ಪ ಕೊಳವೆ ಹೊರುತ್ತದೆ, ಸಣ್ಣ ಕಡ್ಡಿಗೆ ಮತ್ತೆ ಎಳೆತವೇ. ಸ್ಕೀ ಲಿಫ್ಟಿನ ಇಳಿಯುವ ಹಗ್ಗ ತಿರುಗಲೊಲ್ಲದೆ ಹಟ ಹಿಡಿದಿತ್ತಲ್ಲ, ಅದೇ ಒಳಗು–ಹೊರಗಿನ ತೊಡಕು ಇಲ್ಲಿ ಬಾಗಿದ ಕೊಳವೆಯೊಂದರಿಂದ ಬಗೆಹರಿದಿದೆ. ಈ ಎರಡು ಬಗೆಯ ಕೈಗಳನ್ನು ಗುರುತಿಸಲು ಕಲಿತರೆ, ಗಾಡಿಯ ಕಿಟಕಿಯಿಂದ ತಂತಿ ಮಾತ್ರ ಕಂಡರೂ ಮುಂದಿನ ತಿರುವು ಯಾವ ಕಡೆಗೆಂದು ಹೇಳಬಹುದು.

ತಂತಿಯನ್ನು ನಿಜವಾಗಿಯೇ ಬಾಗಿಸುವ ಇನ್ನೊಂದು ವಿಧಾನ ಇಲ್ಲದಿಲ್ಲ. ಮೇಲಿನ ಕ್ಯಾಟನರಿಯನ್ನು ತಿರುವಿನ ಹೊರಗಡೆಗೆ ಚೆನ್ನಾಗಿ ಸರಿಸಿ ಕಟ್ಟಿದರೆ ಡ್ರಾಪರುಗಳೆಲ್ಲ ಓರೆಯಾಗುತ್ತವೆ; ಒಂದೊಂದು ಡ್ರಾಪರೂ ಕೆಳಗಿನ ತಂತಿಯನ್ನು ಹೊರಗಡೆಗೆ ಇಷ್ಟಿಷ್ಟು ಎಳೆದು, ತಂತಿ ಹಳಿಯ ಜೊತೆಗೇ ಬಾಗುತ್ತದೆ. ಬೇರೆ ಕೆಲವು ದೇಶಗಳಲ್ಲಿ ಹೀಗೆ ಕಟ್ಟಿದ ಮಾರ್ಗಗಳಿವೆ. ನೋಡಲು ಬಲು ಚೆಂದ, ಕಂಬವೂ ಕಡಿಮೆ ಸಾಕು. ಆದರೆ ಒಂದು ಡ್ರಾಪರ್ ಕಡಿದರೆ ಅಕ್ಕಪಕ್ಕದವೆಲ್ಲ ಜಾಗ ತಪ್ಪುತ್ತವೆ, ಸರಿ ಮಾಡುವುದು ರೇಜಿಗೆಯ ಕೆಲಸ. ದಿನಕ್ಕೆ ನೂರಾರು ಗಾಡಿ ಓಡುವ ಊರಿಗೆ ಮುರಿದ ಗೆರೆಗಳ ಸೊಟ್ಟ ಬಹುಭುಜವೇ ಲೇಸು.

ಬಿಗಿತವನ್ನು ಕಾಯುವುದು ಬೇರೆಯದೇ ಕಲೆ. ತಾಮ್ರ ಬಿಸಿಲಿಗೆ ಹಿಗ್ಗುತ್ತದೆ. ಬೆಳಗಿನ ಜಾವಕ್ಕಿಂತ ಮಧ್ಯಾಹ್ನ ತಂತಿಯ ಮೈ 30 ಡಿಗ್ರಿ ಹೆಚ್ಚು ಕಾದಿದ್ದರೆ ಮುಕ್ಕಾಲು ಕಿಲೋಮೀಟರ್ ಉದ್ದದ ತಂತಿ 38 ಸೆಂ.ಮೀ.ನಷ್ಟು ಬೆಳೆಯುತ್ತದೆ. ಹಾಗೇ ಬಿಟ್ಟರೆ ಜೋತುಬಿದ್ದು ತಿರುವುಗಳಲ್ಲಿ ಒಳಗೂ ಹೊರಗೂ ಓಲಾಡುತ್ತದೆ. ಇದಕ್ಕೆಂದೇ ತಂತಿಯನ್ನು ಹೆಚ್ಚೆಂದರೆ ಒಂದೂವರೆ ಕಿಲೋಮೀಟರಿನ ತುಂಡುಗಳಾಗಿ ಮಾಡಿ, ನಟ್ಟನಡುವೆ ಅಲುಗದಂತೆ ಕಟ್ಟಿ, ಎರಡೂ ತುದಿಗಳಲ್ಲಿ ರಾಟೆ ಹಾಯಿಸಿ ಎರಕದ ಬಿಲ್ಲೆಗಳ ಗೊಂಚಲನ್ನು ತೂಗುಬಿಡುತ್ತಾರೆ. ಮೂರು ಪಟ್ಟು ಲಾಭದ ರಾಟೆಯಾದರೆ 665 ಕಿಲೊ, ಐದು ಪಟ್ಟಿನದಾದರೆ 400 ಕಿಲೊ. ತಂತಿಗಳ ಮೇಲೆ ಬೀಳುವ ಎಳೆತ ಒಟ್ಟು ಎರಡು ಸಾವಿರವೇ. ತಂತಿ ಹಿಗ್ಗಿದರೆ ಗೊಂಚಲು ಇಳಿಯುತ್ತದೆ, ಕುಗ್ಗಿದರೆ ಏರುತ್ತದೆ, ಬಿಗಿತ ಬದಲಾಗುವುದಿಲ್ಲ. ರಾಟೆ ಮೂರು ಪಟ್ಟಿನದಾದರೆ ತಂತಿಯ 38 ಸೆಂ.ಮೀ. ಗೊಂಚಲಿನಲ್ಲಿ ಒಂದು ಮೀಟರಿಗೂ ಹೆಚ್ಚಿನ ಏರಿಳಿತವಾಗಿ ಕಾಣುತ್ತದೆ. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಂಥದೊಂದು ಗೊಂಚಲಿದ್ದರೆ ಬೆಳಗಿನ ಆಫೀಸು ಗಾಡಿಗೆ ಕಾಯುವಾಗೊಮ್ಮೆ, ಬೇಸಗೆಯ ನಡುಮಧ್ಯಾಹ್ನದಲ್ಲೊಮ್ಮೆ ನೋಡಿ. ಬೇರೆ ಬೇರೆ ಎತ್ತರದಲ್ಲಿರುತ್ತದೆ. ಹಳೆಯ ಕಾಲದ ಸ್ಕೀ ಲಿಫ್ಟುಗಳ ಬುಡದ ನಿಲ್ದಾಣದಲ್ಲೂ ಇದೇ ಬಗೆಯ ತೂಕದ ಕಲ್ಲು ತೂಗುತ್ತಿತ್ತು; ಈಗ ಅಲ್ಲಿ ಆ ಕೆಲಸ ಹೈಡ್ರಾಲಿಕ್ ಯಂತ್ರದ್ದು.

ಒಂದೂವರೆ ಕಿಲೋಮೀಟರಿಗೆ ತಂತಿ ಮುಗಿಯುತ್ತದೆ ಎಂದರೆ ಗಾಡಿ ಅಲ್ಲಿ ತಂತಿ ಬದಲಿಸಬೇಕೆಂದೇ ಅರ್ಥ. ಗುಲ್ಮಾರ್ಗದ ಪ್ರವಾಸಿ ಕೊಂಗ್ಡೂರಿಯಲ್ಲಿ ಇಳಿದು ಹತ್ತುವ ಕೆಲಸವನ್ನು ಲೋಕಲ್ಲು ಓಡುತ್ತಲೇ ಮಾಡಿ ಮುಗಿಸುತ್ತದೆ. ಮುಗಿಯುವ ತಂತಿ ಮತ್ತು ಶುರುವಾಗುವ ತಂತಿ ಎರಡನ್ನೂ ಕೆಲವು ಕಂಬಗಳ ಉದ್ದಕ್ಕೆ ಪಕ್ಕಪಕ್ಕ, ಒಂದೆರಡು ಗೇಣು ಅಂತರದಲ್ಲಿ ಎಳೆದಿರುತ್ತಾರೆ. ಹೊಸದು ಮೇಲಿನಿಂದ ಇಳಿಯುತ್ತ ಬರುತ್ತದೆ, ಹಳೆಯದು ಮೇಲಕ್ಕೇರಿ ತನ್ನ ತೂಕದ ಗೊಂಚಲಿನ ಕಡೆ ಸರಿದು ಹೋಗುತ್ತದೆ. ನಡುವೆ ಕೆಲವು ಮೀಟರ್ ಪ್ಯಾಂಟೊಗ್ರಾಫು ಎರಡನ್ನೂ ಮುಟ್ಟಿರುತ್ತದೆ. ಕಿಟಕಿ ಪಕ್ಕ ಕೂತು ಫೋನು ನೋಡುವವರಿಗೆ ಇದರ ಸುಳಿವೇ ಇರುವುದಿಲ್ಲ.

ಹಳಿಗಳು ಕವಲೊಡೆಯುವಲ್ಲಿ ಇದು ಇನ್ನೂ ಸಿಕ್ಕಲು. ಮುಖ್ಯ ಹಳಿಯ ತಂತಿ ತನ್ನ ದಾರಿಗೆ, ಕವಲಿನ ತಂತಿ ತನ್ನ ದಾರಿಗೆ, ಎರಡೂ ಒಂದು ಕಡೆ ಅಡ್ಡ ಹಾಯಬೇಕು. ನೇರ ಹೋಗುವ ಗಾಡಿಯ ಪ್ಯಾಂಟೊಗ್ರಾಫು ಮಗ್ಗುಲಿನಿಂದ ಬರುವ ತಂತಿಯ ಕೆಳಗೆ ಸರಾಗ ನುಸುಳಬೇಕು, ಅದರ ಮೇಲೆ ಹತ್ತಬಾರದು. ಅದಕ್ಕೇ ಕವಲಿನ ತಂತಿಯನ್ನು ಕೆಲವು ಸೆಂಟಿಮೀಟರ್ ಎತ್ತರದಲ್ಲಿಟ್ಟು, ಅಡ್ಡ ಹಾಯುವಲ್ಲಿ ಎರಡನ್ನೂ ಒಂದು ಸಣ್ಣ ಸಲಾಕೆಯಿಂದ ಕೂಡಿಸಿರುತ್ತಾರೆ, ಒಂದನ್ನೆತ್ತಿದರೆ ಇನ್ನೊಂದೂ ಏಳುವಂತೆ. ಕುರ್ಲಾದ ಮೇಲುಸೇತುವೆಯಿಂದ ಕೆಳಗೆ ನೋಡಿದರೆ ತಂತಿಗಳು ಸಿಕ್ಕಾಪಟ್ಟೆ ಹೆಣೆದುಕೊಂಡಂತೆ ಕಾಣುತ್ತವೆ. ಅಲ್ಲಿ ಮುಖ್ಯ ಮಾರ್ಗದ ಹಳಿಗಳು, ಚುನಾಭಟ್ಟಿಯಿಂದ ಬಂದು ತಿಲಕ್‌ನಗರದತ್ತ ಪೂರ್ವಕ್ಕೆ ಹೊರಳುವ ಹಾರ್ಬರ್ ಹಳಿಗಳು, ಕಾರ್‌ಶೆಡ್ಡಿನ ಹಳಿಗಳು ಎಲ್ಲ ಒಂದೆಡೆ ಸೇರಿವೆ. ಅಲ್ಲಿಯ ಪ್ರತಿಯೊಂದು ಅಡ್ಡಹಾಯುವಿಕೆಯನ್ನೂ ಯಾರೋ ಕಾಗದದ ಮೇಲೆ ಗೀಚಿ, ಅಳೆದು, ಏಣಿ ಹತ್ತಿ ಕೂರಿಸಿದ್ದಾರೆ.

ಈ ಕಸುಬು ನಮ್ಮ ದೇಶದ ರೈಲಿಗೆ ಬಂದದ್ದೇ ತಿರುವಿನ ಮೂಲಕ. 1925ರ ಫೆಬ್ರವರಿ 3ರಂದು ಭಾರತದ ಮೊದಲ ವಿದ್ಯುತ್ ರೈಲು ಇಂದಿನ ಸಿಎಸ್‌ಎಂಟಿಯಾದ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದ್ದು ಹಾರ್ಬರ್ ದಾರಿಯಲ್ಲಿ. ಆ ದಾರಿ ಸ್ಯಾಂಡ್‌ಹರ್ಸ್ಟ್ ರೋಡಿನ ಬಳಿ ಸೇತುವೆಯೇರಿ, ಮುಖ್ಯ ಮಾರ್ಗವನ್ನು ಮೇಲಿನಿಂದ ದಾಟಿ, ಪೂರ್ವಕ್ಕೆ ಡಾಕ್‌ಯಾರ್ಡಿನತ್ತ ತಿರುಗುತ್ತದೆ. ಅಂದರೆ ಏರು, ತಿರುವು, ಸೇತುವೆ ಮೂರೂ ಮೊದಲ ದಿನವೇ. ಜಿಐಪಿ ರೈಲ್ವೆಯ (ಇಂದಿನ ಸೆಂಟ್ರಲ್ ರೈಲ್ವೆಯ) ಆ ತಂತಿಯಲ್ಲಿ ಹರಿದದ್ದು 1500 ವೋಲ್ಟಿನ ಡಿಸಿ. 1928ರಲ್ಲಿ ಬಿಬಿ ಅಂಡ್ ಸಿಐ ರೈಲ್ವೆ (ಇಂದಿನ ವೆಸ್ಟರ್ನ್) ಕೊಲಾಬಾದಿಂದ ಬೊರಿವಲಿಯವರೆಗೆ ತಂತಿ ಎಳೆಯಿತು. 1930ರ ಹೊತ್ತಿಗೆ ಘಟ್ಟಗಳನ್ನೂ ಹತ್ತಿ ವಿದ್ಯುತ್ತು ಪುಣೆ, ಇಗತ್‌ಪುರಿ ಮುಟ್ಟಿತ್ತು. ಬೀದಿಯಲ್ಲಂತೂ ಅದಕ್ಕೂ ಮೊದಲೇ, 1907ರಲ್ಲಿ, ವಿದ್ಯುತ್ ಟ್ರಾಮ್ ಬಂದಿತ್ತು. ರಸ್ತೆಯ ಮೂಲೆ ಅಂದರೆ ರೈಲಿನ ತಿರುವಿಗಿಂತ ಎಷ್ಟೋ ಚೂಪು. ಅಲ್ಲಿ ತಂತಿಯನ್ನು ಅಕ್ಕಪಕ್ಕದ ಅಡ್ಡತಂತಿಗಳಿಂದ ಹತ್ತಾರು ಕಡೆ ಎಳೆದು ಕಟ್ಟಬೇಕು. 1962ರಿಂದ 1971ರವರೆಗೆ ನಗರದ ಬಸ್ ಸಂಸ್ಥೆ ಬೆಸ್ಟ್ ಓಡಿಸಿದ ಟ್ರಾಲಿಬಸ್ಸಿಗೆ ಹಳಿಯೂ ಇಲ್ಲದ್ದರಿಂದ ಒಂದರ ಬದಲು ಎರಡು ತಂತಿ ಬೇಕಿತ್ತು, ಎರಡನ್ನೂ ಜೊತೆಯಾಗಿ ತಿರುಗಿಸಬೇಕಿತ್ತು. ಟ್ರಾಮಿನ ಕೊನೆಯ ಓಟ 1964ರ ಮಾರ್ಚ್ 31ರಂದು. ಅದರ ತಂತಿಗಳ ಗುರುತೂ ಈಗ ಉಳಿದಿಲ್ಲ.

1500 ವೋಲ್ಟಿನಲ್ಲಿ ಒಂದು ಲೋಕಲನ್ನು ಎಳೆಯಬೇಕಾದರೆ 25,000 ವೋಲ್ಟಿಗೆ ಬೇಕಾದದ್ದಕ್ಕಿಂತ ಹದಿನಾರು ಹದಿನೇಳು ಪಟ್ಟು ಕರೆಂಟು ಹರಿಯಬೇಕು. ಅಷ್ಟು ಕರೆಂಟಿಗೆ ದಪ್ಪ ತಾಮ್ರ ಬೇಕು. ತೂಕ ಹೆಚ್ಚಿದಷ್ಟೂ ಬಿಗಿತ ಹೆಚ್ಚು ಬೇಕು, ಬಿಗಿತ ಹೆಚ್ಚಿದಷ್ಟೂ ತಿರುವಿನ ಕಂಬಗಳ ಮೇಲೆ ಎಳೆತ ಹೆಚ್ಚು. 25,000 ವೋಲ್ಟಿನ ಎಸಿಗೆ ಬದಲಾಗುವ ಕೆಲಸ ವೆಸ್ಟರ್ನ್ ರೈಲ್ವೆಯಲ್ಲಿ 2012ಕ್ಕೆ ಮುಗಿಯಿತು, ಸೆಂಟ್ರಲ್ ಮುಖ್ಯ ಮಾರ್ಗದಲ್ಲಿ 2015ಕ್ಕೆ, ಹಾರ್ಬರಿನಲ್ಲಿ 2016ರ ಏಪ್ರಿಲಿನಲ್ಲಿ. ತಂತಿ ಹಗುರವಾಯಿತು, ಆದರೆ ಸುತ್ತ ಬಿಡಬೇಕಾದ ಖಾಲಿ ಜಾಗ ಹೆಚ್ಚಾಯಿತು. ಹಳೆಯ ರಸ್ತೆ ಸೇತುವೆಗಳ ಹೊಟ್ಟೆಯ ಕೆಳಗೆ ಅಷ್ಟು ಜಾಗವಿರಲಿಲ್ಲ. ಕೆಲವೆಡೆ ಹಳಿಯನ್ನೇ ತಗ್ಗಿಸಿದರು. ಸ್ಯಾಂಡ್‌ಹರ್ಸ್ಟ್ ರೋಡಿನ ಹ್ಯಾಂಕಾಕ್ ಸೇತುವೆಯನ್ನು 2016ರ ಜನವರಿಯಲ್ಲಿ ಕೆಡವಿದರು. ಇದರಿಂದ ಇನ್ನೊಂದು ಸಂಗತಿಯೂ ಬದಲಾಯಿತು: ಗಾಡಿಯ ಛಾವಣಿಯ ಮೇಲೆ ಕೂತು ಹೋಗುವ ಹುಚ್ಚಿಗೆ ಈಗ ತಂತಿಯನ್ನು ಮುಟ್ಟಬೇಕಾಗಿಯೇ ಇಲ್ಲ, ಹತ್ತಿರ ಸುಳಿದರೆ ಸಾಕು.

ಇದೆಲ್ಲವನ್ನೂ ಸರಿಯಾಗಿಡುವವರು ಕೆಲಸ ಮಾಡುವುದು ನಾವು ಮಲಗಿರುವಾಗ, ಇಲ್ಲವೇ ದುರಸ್ತಿಗೆಂದು ಗಾಡಿ ನಿಲ್ಲಿಸುವ ಭಾನುವಾರದ ಮೆಗಾಬ್ಲಾಕಿನಲ್ಲಿ, ನಾವು ಬೈಯುತ್ತಿರುವಾಗ. ರಾತ್ರಿ ಒಂದರ ಸುಮಾರಿಗೆ ಕೊನೆಯ ಲೋಕಲ್ಲು ಹೋದ ಮೇಲೆ, ನಾಲ್ಕರ ಹೊತ್ತಿಗೆ ಮೊದಲನೆಯದು ಹೊರಡುವ ಮುಂಚೆ ಸಿಗುವುದು ಒಂದೆರಡು ಗಂಟೆ. ಕಂಟ್ರೋಲಿನಿಂದ ವಿದ್ಯುತ್ ಕಡಿದ ಖಾತ್ರಿ ಬರಬೇಕು. ಬಂದರೂ ನಂಬುವಂತಿಲ್ಲ, ಕೆಲಸದ ಜಾಗದ ಎರಡೂ ಬದಿಗೆ ಡಿಸ್ಚಾರ್ಜ್ ರಾಡ್, ಅಂದರೆ ಉಳಿದ ವಿದ್ಯುತ್ತನ್ನು ಹಳಿಗೆ ಇಳಿಸುವ ಕೋಲು, ಹಾಕಬೇಕು. ಅದರ ಕ್ರಮ ತಪ್ಪುವಂತಿಲ್ಲ. ಮೊದಲು ಕೋಲಿಗೆ ಕಟ್ಟಿದ ತಂತಿಯ ತುದಿಯನ್ನು ಹಳಿಗೆ ಕಚ್ಚಿಸಿ ಆಮೇಲೆ ಕೋಲನ್ನು ಮೇಲಿನ ತಂತಿಗೆ ಸಿಕ್ಕಿಸುವುದು, ತೆಗೆಯುವಾಗ ಮೊದಲು ಮೇಲಿನದು. ಪಕ್ಕದ ಹಳಿಯ ತಂತಿಯಲ್ಲಿ ವಿದ್ಯುತ್ತು ಇದ್ದರೆ ಸತ್ತ ತಂತಿಯಲ್ಲೂ ಅದರ ಪ್ರಭಾವದಿಂದ ಜೀವ ತುಂಬಿರುತ್ತದೆ, ಅದಕ್ಕೇ ಈ ಎಚ್ಚರ. ಆಮೇಲೆ ಟವರ್ ವ್ಯಾಗನ್ನಿನ ಮೇಲುಕಟ್ಟೆಯೇರಿ ತಂತಿ ಎಷ್ಟು ಸವೆದಿದೆ, ಕಂಬದ ಬಳಿ ಸ್ಟ್ಯಾಗರ್ ಎಷ್ಟಿದೆ, ಸ್ಟೆಡಿ ಆರ್ಮಿನ ಕ್ಲಿಪ್ಪು ಸಡಿಲವಾಗಿದೆಯೇ ಎಂದು ಒಂದೊಂದೇ ಕಂಬವನ್ನು ನೋಡುತ್ತ ಹೋಗುತ್ತಾರೆ. ಮೂರನೇ ಒಂದು ಭಾಗದಷ್ಟು ದಪ್ಪ ಸವೆದ ತಂತಿ ಬದಲಾಗಬೇಕು. ತಿರುವಿನ ತಂತಿಗೆ ಹೆಚ್ಚು ನಿಗಾ. ಸಂಕ್ರಾಂತಿಯ ಹೊತ್ತಿಗೆ ತಂತಿಗೆ ಸುತ್ತಿದ ಗಾಳಿಪಟದ ಮಾಂಜಾ ಬಿಡಿಸುವುದು, ಮಳೆಗಾಲಕ್ಕೆ ಮುಂಚೆ ಚಾಚಿದ ಕೊಂಬೆ ಕಡಿಯುವುದು, ಕಾಗೆ ಚಾಚುಗೋಲಿನಲ್ಲಿ ಕಟ್ಟಿದ ಕಡ್ಡಿ–ತಂತಿಗಳ ಗೂಡು ಇಳಿಸುವುದು, ಇವೂ ಅವರದೇ ಕೆಲಸ.

ಈ ಕಸುಬು ಮುಂಬೈಯಿಂದ ನಮ್ಮ ಊರುಗಳ ಕಡೆಗೂ ಹರಿದು ಬಂದಿದೆ. ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ ಕೊಂಕಣ ರೈಲ್ವೆಯ 741 ಕಿ.ಮೀ.ಗೂ 2022ರಲ್ಲಿ ವಿದ್ಯುತ್ತು ಬಂತು. ಕುರ್ಲಾದ ಲೋಕಮಾನ್ಯ ಟಿಳಕ್ ಟರ್ಮಿನಸ್‌ನಲ್ಲಿ ಮತ್ಸ್ಯಗಂಧಾ ಹತ್ತಿದವರು ಊರು ಸೇರುವಷ್ಟರಲ್ಲಿ ಅವರ ತಲೆಯ ಮೇಲೆ ನೂರಾರು ಬಾರಿ ತಂತಿ ಬದಲಾಗಿರುತ್ತದೆ.

ಮುಂಬೈಯ ಹೊಸ ನೆಲದಡಿಯ ಮೆಟ್ರೊ, ಅಂದರೆ ಮೂರನೆಯ ಲೈನು, ಈ ಇಡೀ ಸಮಸ್ಯೆಯನ್ನು ಬೇರೆ ಕಡೆಯಿಂದ ಹಿಡಿದಿದೆ. ಅಲ್ಲಿ ಸುರಂಗದ ನೆತ್ತಿಗೆ ಬಿಗಿದಿರುವುದು ಅಲ್ಯೂಮಿನಿಯಮ್ಮಿನ ಗಟ್ಟಿ ತೊಲೆ. ತಾಮ್ರದ ತಂತಿಯನ್ನು ಅದರ ಕೆಳಗಿನ ಸೀಳಿಗೆ ಕಚ್ಚಿಸಿದ್ದಾರೆ. ಬಿಗಿತ ಇಲ್ಲ, ತೂಕದ ಗೊಂಚಲಿಲ್ಲ, ಕಂಬವನ್ನು ಒಳಗೆ ಎಳೆಯುವ ಹಟವೂ ಇಲ್ಲ. ತೊಲೆಯನ್ನು ಸುರಂಗದ ಜೊತೆಗೇ ಬಾಗಿಸಬಹುದು. ಬದಲಿಗೆ ಕೆಲವೇ ಮೀಟರಿಗೊಂದು ಆಧಾರ ಬೇಕು, ಸುರಂಗದಲ್ಲಿ ಅದಕ್ಕೇನು ಬರ? ಮೇಲೆ ಛಾವಣಿ ಹೇಗೂ ಇದೆ. ತೊಂದರೆ ಬರುವುದು ಇಂಥ ತೊಲೆ ಬಯಲಿಗೆ ಬಂದು ಬಿಗಿದ ತಂತಿಯನ್ನು ಸೇರುವಲ್ಲಿ. ಮೆತ್ತಗಿನ ತಂತಿಯಿಂದ ಗಟ್ಟಿ ತೊಲೆಗೆ ಒಮ್ಮೆಲೇ ಏರಿದರೆ ಪ್ಯಾಂಟೊಗ್ರಾಫು ಪುಟಿಯುತ್ತದೆ. ಹಾಗಾಗಿ ಅಂಥ ಕಡೆ ತೊಲೆಯ ಕೊನೆಯ ಕೆಲವು ಮೀಟರನ್ನು ತುದಿಯ ಕಡೆಗೆ ಹೋಗುತ್ತ ಹೆಚ್ಚು ಹೆಚ್ಚು ಕೊರೆದು, ಬಿರುಸು ಇಷ್ಟಿಷ್ಟೇ ಕಡಿಮೆಯಾಗುತ್ತ ತಂತಿಯ ಮೆದುತನಕ್ಕೆ ಬಂದು ಮುಟ್ಟುವಂತೆ ಮಾಡಿರುತ್ತಾರೆ.